ಸಕ್ಕರೆ ಕಾಯಿಲೆ ಇದ್ದವರಿಗೆ ವೈರಲ್ ಜ್ವರ ಬಂದರೆ: ಭಯ ಎಷ್ಟು, ಲೆಕ್ಕ ಎಷ್ಟು?

ಪ್ರಶ್ನೆ: ನನ್ನ ತಾಯಿಗೆ 63 ವರ್ಷ. ಹದಿನಾಲ್ಕು ವರ್ಷಗಳಿಂದ ಸಕ್ಕರೆ ಕಾಯಿಲೆ, ಜೊತೆಗೆ ಬಿ.ಪಿ. ಇದೆ. ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಮಾತ್ರೆಗಳು ಮೊದಲಿನಿಂದಲೂ ಇವೆ, ಆರು ತಿಂಗಳಿಂದ ಡಾಪಾಗ್ಲಿಫ್ಲೋಜಿನ್ ಸೇರಿಕೊಂಡಿದೆ. ಕಳೆದ ಪರೀಕ್ಷೆಯಲ್ಲಿ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆಯ ಅಳತೆ) 8.6 ಬಂದಿತ್ತು. ಹೋದ ತಿಂಗಳು ನಮ್ಮ ಬೀದಿಯಲ್ಲಿ ಅಮ್ಮನದೇ ವಯಸ್ಸಿನ, ಸಕ್ಕರೆ ಕಾಯಿಲೆ ಇದ್ದ ಒಬ್ಬರು ವೈರಲ್ ಜ್ವರ ಬಂದು ಐದೇ ದಿನದಲ್ಲಿ ತೀರಿಕೊಂಡರು. ಅಂದಿನಿಂದ ಅಮ್ಮ ಹೊಸಿಲು ದಾಟಿಲ್ಲ. "ಶುಗರ್ ಇದ್ದವರಿಗೆ ವೈರಸ್ ತಗುಲಿದರೆ ಉಳಿಯುವುದಿಲ್ಲ" ಎನ್ನುತ್ತಾರೆ. ಇದೆಲ್ಲ ಕೊರೊನಾ ಕಾಲದ ಹೆದರಿಕೆ ಎಂದು ನನ್ನ ತಮ್ಮ ನಗುತ್ತಾನೆ. ನಿಜ ಯಾವುದು? ಸಕ್ಕರೆಯನ್ನು ಬೇಗ ಇಳಿಸಿದರೆ ಅಪಾಯ ತಪ್ಪುತ್ತದೆಯೇ? ಮುಂದಿನ ತಿಂಗಳು ಶಿವಮೊಗ್ಗದಲ್ಲಿ ಚಿಕ್ಕಮ್ಮನ ಮಗಳ ಮದುವೆ ಇದೆ. ಅಮ್ಮನನ್ನು ಕರೆದುಕೊಂಡು ಹೋಗಬಹುದೇ?
(ಓದುಗರೊಬ್ಬರು, ದಾವಣಗೆರೆ)

ಉತ್ತರ: ನಿಮ್ಮ ತಾಯಿಯ ಭಯಕ್ಕೆ ಆಧಾರವಿದೆ, ಅವರ ಮಾತಿಗೆ ಇಲ್ಲ. ಸಕ್ಕರೆ ಕಾಯಿಲೆ ಇರುವವರಿಗೆ ಫ್ಲೂ, ಕೋವಿಡ್, ಡೆಂಗಿಯಂಥ ವೈರಸ್ ಸೋಂಕು ತಗುಲಿದಾಗ ಅದು ಕೈಮೀರುವ ಸಂಭವ ಹೆಚ್ಚು. ಆದರೆ "ಉಳಿಯುವುದಿಲ್ಲ" ಎಂಬ ಮಾತಿಗೂ "ಸಂಭವ ಹೆಚ್ಚು" ಎಂಬ ಮಾತಿಗೂ ನಡುವೆ ಬಹಳ ಅಂತರವಿದೆ. ಎಷ್ಟು ಅಂತರ ಎಂಬುದನ್ನು 2020ರ ನಂತರ ಲಕ್ಷಾಂತರ ಜನರ ದಾಖಲೆಗಳಿಂದ ಲೆಕ್ಕ ಹಾಕಿದ್ದಾರೆ. ಕೋವಿಡ್ ನಮ್ಮಿಂದ ಕಿತ್ತುಕೊಂಡದ್ದು ಬಹಳ. ಕೊಟ್ಟ ಕೆಲವೇ ಸಂಗತಿಗಳಲ್ಲಿ ಈ ಲೆಕ್ಕವೂ ಒಂದು.

ಮೊದಲ ಅಂಕಿ ಬಂದದ್ದು ಚೀನಾದಿಂದ. 2020ರ ಫೆಬ್ರವರಿಯಲ್ಲಿ ಅಲ್ಲಿನ ರೋಗ ನಿಯಂತ್ರಣ ಕೇಂದ್ರ 44,672 ಖಚಿತ ರೋಗಿಗಳ ವಿವರ ಪ್ರಕಟಿಸಿತು. ಒಟ್ಟು ರೋಗಿಗಳಲ್ಲಿ ನೂರಕ್ಕೆ 2.3 ಮಂದಿ ತೀರಿಕೊಂಡಿದ್ದರು. ಸಕ್ಕರೆ ಕಾಯಿಲೆ ಇದ್ದವರಲ್ಲಿ ನೂರಕ್ಕೆ 7.3 ಮಂದಿ. "ಮೂರು ಪಟ್ಟು ಸಾವು" ಎಂಬ ತಲೆಬರಹ ಎಲ್ಲೆಡೆ ಓಡಾಡಿತು. ನಿಮ್ಮ ತಾಯಿಯ ಮನಸ್ಸಿನಲ್ಲಿ ಕುಳಿತಿರುವುದು ಬಹುಶಃ ಅದೇ. ಅದೇ ಅಂಕಿಯನ್ನು ತಿರುಗಿಸಿ ಓದಿದರೆ, ಲಸಿಕೆಯೂ ಇಲ್ಲದ, ಚಿಕಿತ್ಸೆ ಹೇಗೆಂದು ವೈದ್ಯರಿಗೇ ತಿಳಿಯದ ಆ ದಿನಗಳಲ್ಲೂ ಸಕ್ಕರೆ ಕಾಯಿಲೆಯ ನೂರು ಜನರಲ್ಲಿ ತೊಂಬತ್ತೆರಡಕ್ಕೂ ಹೆಚ್ಚು ಮಂದಿ ಸಾವಿನ ಪಟ್ಟಿಯಲ್ಲಿ ಇರಲಿಲ್ಲ. ಈ ತಲೆಬರಹವನ್ನು ಯಾರೂ ಹಾಕಲಿಲ್ಲ.

ಆ "ಮೂರು ಪಟ್ಟು" ಕೂಡ ಸ್ವಲ್ಪ ಉಬ್ಬಿದ ಲೆಕ್ಕ. ಸಕ್ಕರೆ ಕಾಯಿಲೆ ಇರುವವರು ಸಾಮಾನ್ಯವಾಗಿ ವಯಸ್ಸಾದವರು. ವಯಸ್ಸಾದವರಿಗೆ ಸಕ್ಕರೆ ಇಲ್ಲದಿದ್ದರೂ ಕೋವಿಡ್ ಅಪಾಯಕಾರಿಯೇ ಆಗಿತ್ತು. ಹಾಗಾದರೆ ಕೊಂದದ್ದು ಯಾವುದು, ವಯಸ್ಸೋ ಸಕ್ಕರೆಯೋ? ಇದನ್ನು ಬೇರ್ಪಡಿಸಲು ಇಂಗ್ಲೆಂಡಿನ ದಾಖಲೆಗಳು ಬೇಕಾದವು. ಅಲ್ಲಿ ಸುಮಾರು ಆರು ಕೋಟಿ ಜನರ ಆರೋಗ್ಯ ವಿವರ ಒಂದೇ ವ್ಯವಸ್ಥೆಯಲ್ಲಿ ಇದೆ. 2020ರ ಮಾರ್ಚ್ 1ರಿಂದ ಮೇ 11ರವರೆಗೆ ಆಸ್ಪತ್ರೆಗಳಲ್ಲಿ ಕೋವಿಡ್‌ನಿಂದ ಸತ್ತ 23,698 ಜನರಲ್ಲಿ ಮೂವರಲ್ಲಿ ಒಬ್ಬರಿಗೆ ಸಕ್ಕರೆ ಕಾಯಿಲೆ ಇತ್ತು. ವಯಸ್ಸು, ಲಿಂಗ, ಬಡತನ, ಜನಾಂಗ, ಪ್ರದೇಶ ಇವನ್ನೆಲ್ಲ ಸರಿದೂಗಿಸಿದ ಮೇಲೆ ಟೈಪ್ 2 (ಸಾಮಾನ್ಯವಾಗಿ ದೊಡ್ಡವರಲ್ಲಿ ಕಾಣುವ ಬಗೆ) ಇದ್ದವರಿಗೆ ಅಪಾಯ ಎರಡು ಪಟ್ಟು, ಟೈಪ್ 1 (ಹೆಚ್ಚಾಗಿ ಎಳೆಯ ವಯಸ್ಸಿನಲ್ಲೇ ಶುರುವಾಗುವ, ದೇಹದಲ್ಲಿ ಇನ್ಸುಲಿನ್ನೇ ತಯಾರಾಗದ ಬಗೆ) ಇದ್ದವರಿಗೆ ಮೂರೂವರೆ ಪಟ್ಟು ಎಂದು ಕಂಡಿತು. ಮೊದಲೇ ಇದ್ದ ಹೃದ್ರೋಗ ಮತ್ತು ಪಾರ್ಶ್ವವಾಯುವನ್ನೂ ಕಳೆದು ನೋಡಿದಾಗ ಟೈಪ್ 2ರ ಪಟ್ಟು 1.8ಕ್ಕೆ ಇಳಿಯಿತು. ಟೈಪ್ 1ರ ಅಂಕಿ ನೋಡಿ ಮಕ್ಕಳ ತಂದೆತಾಯಂದಿರು ಗಾಬರಿಯಾಗಬೇಕಿಲ್ಲ. ಆ ಸಾವುಗಳು ಬಹುಪಾಲು ವಯಸ್ಸಾದವರವು. ಎಳೆಯರಲ್ಲಿ ತೀರಾ ಅಪರೂಪ.

ವಯಸ್ಸಿನ ತೂಕ ಎಷ್ಟೆಂದು ತಿಳಿಯಲು ಅದೇ ದೇಶದ ಇನ್ನೊಂದು ಅಧ್ಯಯನ ನೋಡಿ. ಒಂದು ಕೋಟಿ ಎಪ್ಪತ್ತು ಲಕ್ಷಕ್ಕೂ ಹೆಚ್ಚು ವಯಸ್ಕರ ದಾಖಲೆ ಅದು. ಐವತ್ತರ ಹರೆಯದವರಿಗೆ ಹೋಲಿಸಿದರೆ ಎಂಬತ್ತು ದಾಟಿದವರಿಗೆ ಸಾವಿನ ಅಪಾಯ ಸುಮಾರು ಇಪ್ಪತ್ತು ಪಟ್ಟು! ಸಕ್ಕರೆ ಹತೋಟಿಯಲ್ಲಿದ್ದವರಿಗೆ, ಅಂದರೆ ಎಚ್‌ಬಿಎ1ಸಿ 7.5ಕ್ಕಿಂತ ಕಡಿಮೆ ಇದ್ದವರಿಗೆ, 1.3 ಪಟ್ಟು, ಅದಕ್ಕಿಂತ ಮೇಲಿದ್ದವರಿಗೆ 1.95 ಪಟ್ಟು. ನಾನು ಎರಡನೆಯ ಅಂಕಿಗಳನ್ನೇ ರೋಗಿಗಳಿಗೆ ಹೇಳುವುದು. ವಯಸ್ಸನ್ನು ಯಾವ ಮಾತ್ರೆಯೂ ಇಳಿಸಲಾರದು. 1.95ರಿಂದ 1.3ರ ಕಡೆಗೆ ಬರುವ ದಾರಿ ಇದೆ.

"ಎರಡು ಪಟ್ಟು" ಎಂಬುದನ್ನೂ ಸರಿಯಾಗಿ ಓದಬೇಕು. ಒಂದು ಸೋಂಕಿನಲ್ಲಿ ನಿಮ್ಮ ತಾಯಿಯ ವಯಸ್ಸಿನ ಇನ್ನೂರು ಜನರಲ್ಲಿ ಒಬ್ಬರು ಸಾಯುತ್ತಾರೆ ಎಂದಿಟ್ಟುಕೊಳ್ಳಿ. ಸಕ್ಕರೆ ಇದ್ದರೆ ಆ ಇನ್ನೂರರಲ್ಲಿ ಇಬ್ಬರು. ಉಳಿದ 198 ಮಂದಿ ಎರಡನೆಯ ವಾರಕ್ಕೆ ಎದ್ದು ಕಾಫಿ ಕೇಳುತ್ತಾರೆ. ಅಮ್ಮನಿಗೆ ಹೇಳಬೇಕಾದ ಲೆಕ್ಕ ಇದು. ನಿಮ್ಮ ತಮ್ಮನಿಗೆ ಹೇಳಬೇಕಾದದ್ದು ಬೇರೆ: ನಮ್ಮ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು ಹತ್ತು ಕೋಟಿಗೂ ಹೆಚ್ಚು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಸಮೀಕ್ಷೆ 2023ರಲ್ಲಿ ತಿಳಿಸಿತು. ಅಷ್ಟು ದೊಡ್ಡ ಸಂಖ್ಯೆಗೆ ಎರಡರಿಂದ ಗುಣಿಸಿದರೆ ಅದು ನಗುವ ವಿಷಯವಾಗಿ ಉಳಿಯುವುದಿಲ್ಲ. ಇದು ಕೊರೊನಾದ ಜೊತೆಗೆ ಬಂದು ಅದರ ಜೊತೆಗೇ ಹೋದ ಸಂಗತಿಯೂ ಅಲ್ಲ. 2009ರ ಎಚ್1ಎನ್1 ಹಾವಳಿಯಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಸಕ್ಕರೆ ಕಾಯಿಲೆ ಇದ್ದವರು ಆಸ್ಪತ್ರೆ ಸೇರುವ ಸಂಭವ ಮೂರು ಪಟ್ಟು ಇತ್ತು.

ಇನ್ನು ಏಕೆ ಹೀಗೆ ಎಂಬುದಕ್ಕೆ ಬರೋಣ. "ಸಕ್ಕರೆ ಇದ್ದವರಿಗೆ ರೋಗನಿರೋಧಕ ಶಕ್ತಿ ಇರುವುದಿಲ್ಲ" ಎಂದು ಹೇಳಿ ಮುಗಿಸುವುದು ರೂಢಿ. ಅದು ಅರ್ಧ ಸತ್ಯ. ಸೈನಿಕರು ಇರುತ್ತಾರೆ, ಹೊರಡುವುದು ತಡ. ರಕ್ತದಲ್ಲಿ ಸಕ್ಕರೆ 200ರ ಆಸುಪಾಸು ಅಥವಾ ಮೇಲೆ ನಿಂತಾಗ ಬಿಳಿ ರಕ್ತಕಣಗಳು ಸೋಂಕಿನ ಜಾಗಕ್ಕೆ ನಿಧಾನವಾಗಿ ಹೋಗುತ್ತವೆ, ಹೋದ ಮೇಲೂ ರೋಗಾಣುವನ್ನು ನುಂಗಿ ಕೊಲ್ಲುವುದರಲ್ಲಿ ಸೋಲುತ್ತವೆ. ಎಚ್‌ಬಿಎ1ಸಿ 8.6 ಎಂದರೆ ಮೂರು ತಿಂಗಳ ಸರಾಸರಿ ಸಕ್ಕರೆ ಸುಮಾರು 200. ಅಂದರೆ ನಿಮ್ಮ ತಾಯಿ ಆರೋಗ್ಯವಾಗಿ ಓಡಾಡಿಕೊಂಡಿರುವಾಗಲೇ ಆ ಗೆರೆಯ ಮೇಲೆ ನಿಂತಿದ್ದಾರೆ.

ಮೊದಲ ಸುತ್ತಿನಲ್ಲಿ ತಡ ಮಾಡಿದ ದೇಹ ಎರಡನೆಯ ಸುತ್ತಿನಲ್ಲಿ ಅತಿ ಮಾಡುತ್ತದೆ. ವೈರಸ್ ಹರಡಿದ ಮೇಲೆ ಉರಿಯೂತದ ರಾಸಾಯನಿಕಗಳು ಮಿತಿಮೀರಿ ಸುರಿದು, ಶ್ವಾಸಕೋಶಕ್ಕೆ ವೈರಸ್ಸಿಗಿಂತ ಹೆಚ್ಚು ಹಾನಿ ಮಾಡುತ್ತವೆ. ವರ್ಷಗಟ್ಟಲೆ ಸಕ್ಕರೆಯಲ್ಲಿ ನೆನೆದ ರಕ್ತನಾಳಗಳ ಒಳಪದರ ಮೊದಲೇ ಒರಟಾಗಿರುತ್ತದೆ. ಅಲ್ಲಿ ರಕ್ತ ಹೆಪ್ಪುಗಟ್ಟುವುದು ಸುಲಭ. ಕೆನಡಾದ ಒಂಟಾರಿಯೊದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಫ್ಲೂ ದೃಢಪಟ್ಟ ಮೊದಲ ವಾರದಲ್ಲಿ ಹೃದಯಾಘಾತದ ಸಂಭವ ಆರು ಪಟ್ಟು ಏರುತ್ತದೆ. ಹದಿನಾಲ್ಕು ವರ್ಷ ಸಕ್ಕರೆ ಇದ್ದವರಿಗೆ ನರಗಳು ಮಂದವಾಗಿ, ಎದೆನೋವೇ ಇಲ್ಲದೆ ಹೃದಯಾಘಾತ ಆಗಬಹುದು. ಜ್ವರದ ಮೂರನೆಯ ದಿನ "ಯಾಕೋ ಬೆವರು, ಸುಸ್ತು, ಮೇಲುಸಿರು" ಎಂದು ಮಲಗಿದವರ ಇಸಿಜಿ ತೆಗೆದರೆ ಕೆಲವೊಮ್ಮೆ ಅಲ್ಲಿರುವುದು ಬೇರೆಯೇ ಕಥೆ.

ಮೂತ್ರಪಿಂಡದ್ದು ಇನ್ನೊಂದು ಪಾತ್ರ. ನಮ್ಮ ಜನ ಸಕ್ಕರೆ ಪರೀಕ್ಷೆಯನ್ನು ತಿಂಗಳಿಗೊಮ್ಮೆ ಮಾಡಿಸುತ್ತಾರೆ, ಮೂತ್ರಪಿಂಡ ಹೇಗಿದೆ ಎಂದು ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆಯನ್ನು ವರ್ಷಕ್ಕೊಮ್ಮೆಯೂ ಮಾಡಿಸುವುದಿಲ್ಲ. ಮೂತ್ರಪಿಂಡ ತೀರಾ ಸೊರಗಿದವರಿಗೆ ಕೋವಿಡ್‌ನಲ್ಲಿ ಅಪಾಯ ಏರಿದಷ್ಟು ಬರೀ ಸಕ್ಕರೆಯಿಂದ ಏರಲಿಲ್ಲ. ನಿಮ್ಮ ಪತ್ರದಲ್ಲಿ ಎಚ್‌ಬಿಎ1ಸಿ ಇದೆ, ಮಾತ್ರೆಗಳ ಹೆಸರಿವೆ, ಕ್ರಿಯಾಟಿನಿನ್ ಇಲ್ಲ. ಈ ವಾರವೇ ಮಾಡಿಸಿ, ಜೊತೆಗೆ ಮೂತ್ರದ ಆಲ್ಬುಮಿನ್ ಕೂಡ.

ಆದರೆ ನನ್ನ ಅನುಭವದಲ್ಲಿ ಸಾವು ಬದುಕಿನ ನಡುವಿನ ವ್ಯತ್ಯಾಸವನ್ನು ಹೆಚ್ಚು ಸಲ ತೀರ್ಮಾನಿಸಿದ್ದು ಜ್ವರದ ಮೊದಲ ಮೂರು ನಾಲ್ಕು ದಿನ ಮನೆಯಲ್ಲಿ ಏನು ನಡೆಯಿತು ಎಂಬುದು. ಒಂದು ಪ್ರಸಂಗ ಹೇಳುತ್ತೇನೆ.

2021ರ ಮೇ ತಿಂಗಳು, ಎರಡನೆಯ ಅಲೆ. ನಿವೃತ್ತ ಶಿಕ್ಷಕರೊಬ್ಬರ ಮಗ ಫೋನ್ ಮಾಡಿದರು. "ಅಪ್ಪನಿಗೆ ಜ್ವರ ಇಳಿದಿದೆ ಡಾಕ್ಟರೇ, ಆದರೆ ಬಹಳ ಮಂಕಾಗಿದ್ದಾರೆ. ಸಕ್ಕರೆ ನೋಡೋಣವೆಂದರೆ ಯಂತ್ರವೂ ಕೆಟ್ಟಿದೆ, ಹಾಯ್ ಎಂದು ತೋರಿಸುತ್ತಿದೆ." ಯಂತ್ರ ಕೆಟ್ಟಿರಲಿಲ್ಲ. ಬಹುತೇಕ ಗ್ಲೂಕೋಮೀಟರುಗಳು 600 ದಾಟಿದರೆ ಅಂಕಿ ತೋರಿಸುವುದಿಲ್ಲ. ಎಚ್ ಮತ್ತು ಐ ಎಂಬ ಎರಡು ಇಂಗ್ಲಿಷ್ ಅಕ್ಷರ ತೋರಿಸುತ್ತವೆ, ಬಹಳ ಹೆಚ್ಚು ಎಂಬ ಅರ್ಥದಲ್ಲಿ. ಮಗ ಅದನ್ನು ನಮಸ್ಕಾರ ಎಂದುಕೊಂಡಿದ್ದರು. ಆಸ್ಪತ್ರೆಗೆ ಕರೆತಂದಾಗ ಆಮ್ಲಜನಕ 91, ಉಸಿರಿನಲ್ಲಿ ಅತಿಯಾಗಿ ಹಣ್ಣಾದ ಹಣ್ಣಿನ ವಾಸನೆ, ನಾಲಿಗೆ ಮರದ ತೊಗಟೆಯಂತೆ ಒಣಗಿತ್ತು. ಮಗನ ಕೈಯಲ್ಲಿದ್ದ ಪ್ಲಾಸ್ಟಿಕ್ ಕವರನ್ನು ಮೇಜಿನ ಮೇಲೆ ಸುರಿಸಿದೆ. ಔಷಧ ಅಂಗಡಿಯಿಂದ ತಂದ, ಹೆಸರು ಬರೆಯದ ಪೊಟ್ಟಣಗಳಲ್ಲಿ ದಿನಕ್ಕೆ ಮೂರರಂತೆ ಬಿಳಿ ಪುಟ್ಟ ಮಾತ್ರೆ: ಸ್ಟಿರಾಯ್ಡ್. ಇನ್ಸುಲಿನ್? "ಅಪ್ಪ ಗಂಜಿ ಮಾತ್ರ ಕುಡಿಯುತ್ತಿದ್ದರು, ಸಕ್ಕರೆ ಇಳಿದುಬಿಟ್ಟೀತು ಎಂದು ಮೂರು ದಿನದಿಂದ ನಿಲ್ಲಿಸಿದ್ದೇವೆ."

ಅವರು ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಹೋದರು. ಶ್ವಾಸಕೋಶಕ್ಕೆ ಹಾನಿ ಅಷ್ಟೇನೂ ಆಗಿರಲಿಲ್ಲ. ವೈರಸ್ ಅವರನ್ನು ಅರ್ಧ ದೂರ ಕರೆದೊಯ್ದಿತ್ತು. ಇನ್ನರ್ಧ ದೂರ ನಾವೇ ತಳ್ಳಿದ್ದು, ಪ್ರೀತಿಯಿಂದ.

ಆ ಮನೆಯವರು ಮಾಡಿದ ತಪ್ಪು ಎಲ್ಲರ ಮನೆಯ ತಪ್ಪು. ಊಟ ಇಲ್ಲ ಎಂದರೆ ಸಕ್ಕರೆಯೂ ಇಲ್ಲ ಎಂಬುದು ನಮ್ಮ ನಂಬಿಕೆ. ಜ್ವರ ಬಂದಾಗ ದೇಹ ಅದನ್ನು ಯುದ್ಧವೆಂದು ತಿಳಿದು ಕಾರ್ಟಿಸಾಲ್, ಅಡ್ರಿನಲಿನ್ ಎಂಬ ಹಾರ್ಮೋನುಗಳನ್ನು ಬಿಡುತ್ತದೆ. ಅವು ಯಕೃತ್ತಿನ ಉಗ್ರಾಣದ ಬಾಗಿಲು ತೆರೆದು ಸಕ್ಕರೆಯನ್ನು ರಕ್ತಕ್ಕೆ ಸುರಿಯುತ್ತವೆ, ಇನ್ಸುಲಿನ್ ಕೆಲಸಕ್ಕೆ ಅಡ್ಡ ನಿಲ್ಲುತ್ತವೆ. ತಟ್ಟೆಯಲ್ಲಿ ಒಂದು ಅಗುಳು ಇಲ್ಲದಿದ್ದರೂ ಸಕ್ಕರೆ 300 ಮುಟ್ಟಬಹುದು. ಹಾಗಾಗಿ ಇನ್ಸುಲಿನ್ ತೆಗೆದುಕೊಳ್ಳುವವರು, ವಿಶೇಷವಾಗಿ ಟೈಪ್ 1ರವರು, ಜ್ವರದಲ್ಲಿ ಅದನ್ನು ಪೂರ್ತಿ ನಿಲ್ಲಿಸಲೇಬಾರದು. ಪ್ರಮಾಣ ಹೆಚ್ಚು ಕಡಿಮೆ ಮಾಡುವುದನ್ನು ವೈದ್ಯರು ಹೇಳುತ್ತಾರೆ.

ಮಾತ್ರೆಗಳ ನ್ಯಾಯ ಬೇರೆ. ನಿಮ್ಮ ತಾಯಿಯ ಮೂರೂ ಮಾತ್ರೆಗಳು ಜ್ವರದಲ್ಲಿ ಮೂರು ಬಗೆಯಲ್ಲಿ ವರ್ತಿಸುತ್ತವೆ. ಮೆಟ್‌ಫಾರ್ಮಿನ್ ಒಳ್ಳೆಯ ಔಷಧ, ಆದರೆ ವಾಂತಿ ಭೇದಿಯಾಗಿ ನೀರು ಬತ್ತಿದಾಗ, ಆಮ್ಲಜನಕ ಕಡಿಮೆಯಾದಾಗ ರಕ್ತದಲ್ಲಿ ಆಮ್ಲ ಸೇರುವ ಅಪಾಯವಿದೆ. ಅಂಥ ದಿನಗಳಲ್ಲಿ ತಡೆಹಿಡಿಯುತ್ತೇವೆ. ಗ್ಲಿಮೆಪಿರೈಡ್ ಊಟ ಮಾಡಲಿ ಬಿಡಲಿ ಸಕ್ಕರೆ ಇಳಿಸುತ್ತಲೇ ಇರುತ್ತದೆ. ತಿನ್ನದವರಿಗೆ ಕೊಟ್ಟರೆ ನಡುರಾತ್ರಿ ಸಕ್ಕರೆ 50ಕ್ಕೆ ಬಿದ್ದು ಎಚ್ಚರ ತಪ್ಪಬಹುದು. ಮೂರನೆಯದು, ಡಾಪಾಗ್ಲಿಫ್ಲೋಜಿನ್, ಸ್ವಲ್ಪ ಕಪಟಿ. ಅದು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತದೆ. ಹೃದಯಕ್ಕೂ ಮೂತ್ರಪಿಂಡಕ್ಕೂ ಉಪಕಾರಿ, ನಾನೇ ದಿನಕ್ಕೆ ಹತ್ತಾರು ಜನರಿಗೆ ಬರೆಯುತ್ತೇನೆ. ಆದರೆ ಊಟ ಬಿಟ್ಟು ವಾಂತಿ ಮಾಡುತ್ತಿರುವವರು ಅದನ್ನು ಮುಂದುವರಿಸಿದರೆ ರಕ್ತದಲ್ಲಿ ಕೀಟೋನ್ ಆಮ್ಲ ತುಂಬಿಕೊಳ್ಳುತ್ತದೆ, ಬೆರಳು ಚುಚ್ಚಿ ನೋಡಿದರೆ ಸಕ್ಕರೆ ಮಾತ್ರ 180, 190. "ಶುಗರ್ ಚೆನ್ನಾಗಿದೆಯಲ್ಲ" ಎಂದು ಮನೆಯವರು ಸುಮ್ಮನಿರುತ್ತಾರೆ. ಹೊಟ್ಟೆನೋವು, ವಾಂತಿ, ಆಳವಾದ ಉಸಿರಾಟ ಕಂಡರೆ ಸಕ್ಕರೆ ಎಷ್ಟೇ ಇರಲಿ ಕೀಟೋನ್ ನೋಡಬೇಕು. ಈ ಮಾತ್ರೆಯನ್ನು ಜ್ವರದಲ್ಲಿ ಊಟ ಬಿಟ್ಟ ದಿನದಿಂದ ನಿಲ್ಲಿಸಿ, ಸರಿಯಾಗಿ ಊಟ ಮಾಡತೊಡಗಿ ಒಂದೆರಡು ದಿನವಾದ ಮೇಲೆ ಶುರು ಮಾಡುತ್ತೇವೆ.

ಇದನ್ನು ಓದಿ ನೀವೇ ಮಾತ್ರೆ ನಿಲ್ಲಿಸಲು ಹೊರಡಬೇಡಿ. ಈಗ, ಅಮ್ಮ ಚೆನ್ನಾಗಿರುವಾಗಲೇ, ಅವರನ್ನು ನೋಡುವ ವೈದ್ಯರ ಬಳಿ ಹೋಗಿ "ಜ್ವರ ಬಂದರೆ ಯಾವುದನ್ನು ನಿಲ್ಲಿಸಬೇಕು, ಯಾವುದನ್ನು ಮುಂದುವರಿಸಬೇಕು" ಎಂದು ಚೀಟಿಯಲ್ಲಿ ಬರೆಸಿಕೊಂಡು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ಜ್ವರ ಬಂದ ದಿನದಿಂದ ನಾಲ್ಕೈದು ಗಂಟೆಗೊಮ್ಮೆ ಸಕ್ಕರೆ ನೋಡಿ. ಎರಡು ಸಲ 250 ದಾಟಿದರೆ ವೈದ್ಯರಿಗೆ ಫೋನ್ ಮಾಡಿ. 300 ದಾಟಿ ವಾಂತಿಯೂ ಇದ್ದರೆ ಫೋನ್ ಬೇಡ, ಆಸ್ಪತ್ರೆಗೇ ಹೋಗಿ. 70ಕ್ಕಿಂತ ಕೆಳಗೆ ಬಂದರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ, ಹದಿನೈದು ನಿಮಿಷಕ್ಕೆ ಮತ್ತೆ ನೋಡಿ. ಆಮ್ಲಜನಕ ನೋಡುವ ಕ್ಲಿಪ್ ಕೊರೊನಾ ಕಾಲದ್ದು ಯಾವುದಾದರೂ ಡ್ರಾಯರಿನಲ್ಲಿ ಬಿದ್ದಿರುತ್ತದೆ. ಬ್ಯಾಟರಿ ಬದಲಿಸಿ ಇಟ್ಟುಕೊಳ್ಳಿ. 94ಕ್ಕಿಂತ ಕಡಿಮೆ ತೋರಿಸಿದರೆ ಕಾಯಬೇಡಿ.

ಕುಡಿಯುವುದರ ವಿಷಯದಲ್ಲಿ ಒಂದೆರಡು ಮಾತು. ಮಜ್ಜಿಗೆ, ತೆಳು ರಾಗಿ ಅಂಬಲಿ, ಸಾರು, ಬಿಸಿನೀರು ಎಲ್ಲ ಒಳ್ಳೆಯವು. ಎಳನೀರು ಕುಡಿಯಬಹುದು, ಮೂತ್ರಪಿಂಡ ಸರಿಯಿದ್ದರೆ ಮಾತ್ರ. ಅದರಲ್ಲಿ ಪೊಟ್ಯಾಸಿಯಂ ಬಹಳ. ಗ್ಲೂಕೋಸ್ ಪುಡಿಯ ಡಬ್ಬ, ಪೊಟ್ಟಣದ ಹಣ್ಣಿನ ರಸ ಬೇಡವೇ ಬೇಡ. ಇನ್ನು ನಮ್ಮೂರುಗಳ ಪ್ರೀತಿಯ ಚಿಕಿತ್ಸೆ: "ಸುಸ್ತಾಗಿತ್ತು, ಒಂದು ಗ್ಲೂಕೋಸ್ ಹಾಕಿಸಿಕೊಂಡು ಬಂದೆ." ಆ ಅರ್ಧ ಲೀಟರಿನ ಶೇ 5ರ ಬಾಟಲಿಯಲ್ಲಿ 25 ಗ್ರಾಂ ಸಕ್ಕರೆ ಇರುತ್ತದೆ, ಅಂದರೆ ಐದಾರು ಚಮಚ, ನೇರವಾಗಿ ರಕ್ತಕ್ಕೆ. ಚಹಾಕ್ಕೆ ಅರ್ಧ ಚಮಚ ಸಕ್ಕರೆ ಹಾಕಿದರೆ ಸೊಸೆಯ ಮೇಲೆ ರೇಗುವವರು ಈ ಬಾಟಲಿಗೆ ದುಡ್ಡು ಕೊಟ್ಟು ಬರುತ್ತಾರೆ. ದ್ರವ ಬೇಕೇ ಬೇಕಾದರೆ ಸಕ್ಕರೆ ಇಲ್ಲದ ಸಲೈನ್ ಇದೆ. "ಅಮ್ಮನಿಗೆ ಶುಗರ್ ಇದೆ" ಎಂದು ಮೊದಲೇ ಹೇಳುವುದು ನಿಮ್ಮ ಕೆಲಸ.

ಸ್ಟಿರಾಯ್ಡ್ ಬಗ್ಗೆ ನನಗೆ ಸಿಟ್ಟಿದೆ, ಬಚ್ಚಿಡುವುದಿಲ್ಲ. ಬ್ರಿಟನ್ನಿನ ರಿಕವರಿ ಪ್ರಯೋಗ 2020ರ ಜೂನ್‌ನಲ್ಲಿ ತೋರಿಸಿದ್ದು ಇಷ್ಟು: ದಿನಕ್ಕೆ 6 ಮಿಲಿಗ್ರಾಂ ಡೆಕ್ಸಾಮೆಥಸೋನ್ ಎಂಬ ಸ್ಟಿರಾಯ್ಡ್ ಕೊಟ್ಟಾಗ ವೆಂಟಿಲೇಟರ್‌ನಲ್ಲಿದ್ದ ಕೋವಿಡ್ ರೋಗಿಗಳ ಸಾವು ಮೂರನೇ ಒಂದರಷ್ಟು, ಆಮ್ಲಜನಕದಲ್ಲಿ ಇದ್ದವರ ಸಾವು ಐದನೇ ಒಂದರಷ್ಟು ಕಡಿಮೆಯಾಯಿತು. ಆಮ್ಲಜನಕವೇ ಬೇಕಿಲ್ಲದವರಿಗೆ ಏನೂ ಲಾಭವಾಗಲಿಲ್ಲ. ಮೊದಲ ಅರ್ಧ ಎಲ್ಲರ ಕಿವಿಗೂ ಬಿತ್ತು, ಎರಡನೆಯ ಅರ್ಧ ಯಾರಿಗೂ ಬೇಕಾಗಲಿಲ್ಲ. ಮೊದಲ ದಿನದ ಜ್ವರಕ್ಕೇ ಸ್ಟಿರಾಯ್ಡ್ ನುಂಗಿದವರ ಸಕ್ಕರೆ ಮುಗಿಲು ಮುಟ್ಟಿತು. ಅದರ ಬೆನ್ನಿಗೆ ಕಪ್ಪು ಶಿಲೀಂಧ್ರ ಬಂತು. ಸಕ್ಕರೆ ಮತ್ತು ಆಮ್ಲ ಏರಿದ ರಕ್ತದಲ್ಲಿ ಬಿಡುವಾಗುವ ಕಬ್ಬಿಣದ ಅಂಶವೇ ಆ ಶಿಲೀಂಧ್ರಕ್ಕೆ ಹಬ್ಬದೂಟ. ಮೂಗಿನಿಂದ ಕಣ್ಣಿಗೆ, ಕಣ್ಣಿನಿಂದ ಮೆದುಳಿಗೆ ಹಬ್ಬುವ ಆ ರೋಗವನ್ನು ಕಡ್ಡಾಯವಾಗಿ ವರದಿ ಮಾಡುವಂತೆ 2021ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ರಾಜ್ಯಗಳಿಗೆ ಹೇಳಬೇಕಾಯಿತು. ವೈರಸ್ಸಿನಿಂದ ಪಾರಾದವರು ಕಣ್ಣು ಕಳೆದುಕೊಂಡದ್ದನ್ನು ನೋಡಿದ ಯಾವ ವೈದ್ಯರೂ ಆ ಬಿಳಿ ಪುಟ್ಟ ಮಾತ್ರೆಯನ್ನು ಹಗುರವಾಗಿ ಬರೆಯಲಾರರು. ಜ್ವರಕ್ಕೆಂದು ಚಿಕಿತ್ಸಾಲಯದಲ್ಲಿ ಚುಚ್ಚುಮದ್ದು ಕೊಟ್ಟರೆ ಏನು ಕೊಟ್ಟರು ಎಂದು ಕೇಳಿ ಬರೆಸಿಕೊಳ್ಳಿ. ಕೇಳುವ ಹಕ್ಕು ನಿಮಗಿದೆ.

ನಿಮ್ಮ ಬೀದಿಯವರು ಐದೇ ದಿನದಲ್ಲಿ ಹೋದರು ಎಂದಿರಿ. ಅಷ್ಟು ಬೇಗ ಕೈಮೀರುವ ವೈರಲ್ ಜ್ವರ ಎಂದರೆ ನಮ್ಮ ಕಡೆ ಮೊದಲು ನೆನಪಾಗುವುದು ಡೆಂಗಿ. 2024ರಲ್ಲಿ ರಾಜ್ಯ ಸರ್ಕಾರ ಅದನ್ನು ಸಾಂಕ್ರಾಮಿಕ ಎಂದು ಘೋಷಿಸಿದ್ದು ನಿಮಗೆ ನೆನಪಿರಬಹುದು. ಸಕ್ಕರೆ ಕಾಯಿಲೆ ಇರುವವರಲ್ಲಿ ಡೆಂಗಿ ತೀವ್ರ ಸ್ವರೂಪ ತಾಳುವುದು ಹೆಚ್ಚು. ಅದರ ಮೋಸ ಎಲ್ಲಿದೆ ಎಂದರೆ, ಜ್ವರ ಇಳಿಯುವ ಹೊತ್ತೇ ಅಪಾಯದ ಹೊತ್ತು. ಮೂರನೆಯ ದಿನದಿಂದ ಏಳನೆಯ ದಿನದೊಳಗೆ ಮೈ ತಣ್ಣಗಾಗುತ್ತದೆ, ಮನೆಯವರು ನಿಟ್ಟುಸಿರು ಬಿಡುತ್ತಾರೆ, ಅದೇ ಹೊತ್ತಿಗೆ ರಕ್ತನಾಳಗಳಿಂದ ದ್ರವ ಸೋರಿ ರಕ್ತದೊತ್ತಡ ಕುಸಿಯತೊಡಗುತ್ತದೆ. ಬಿಡದ ಹೊಟ್ಟೆನೋವು, ಮೇಲಿಂದ ಮೇಲೆ ವಾಂತಿ, ಒಸಡಿನಲ್ಲಿ ರಕ್ತ, ತಣ್ಣಗಿನ ಕೈಕಾಲು, ಮಂಪರು ಇವುಗಳಲ್ಲಿ ಒಂದಿದ್ದರೂ ಪ್ಲೇಟ್‌ಲೆಟ್ ಎಣಿಕೆಗಾಗಿ, ಪಪ್ಪಾಯ ಎಲೆಯ ರಸಕ್ಕಾಗಿ ಕಾಯಬಾರದು. ಮೈಕೈ ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೇನ್ ನುಂಗಬಾರದು, ಪ್ಯಾರಾಸಿಟಮಾಲ್ ಸಾಕು. ಹೃದಯಕ್ಕೆಂದು ಆಸ್ಪಿರಿನ್ ತೆಗೆದುಕೊಳ್ಳುವವರು ಡೆಂಗಿ ಎಂದು ಗೊತ್ತಾದ ಕೂಡಲೇ ಅದರ ಬಗ್ಗೆ ವೈದ್ಯರನ್ನು ಕೇಳಬೇಕು.

ಈಗ ನಿಮ್ಮ ಎರಡನೆಯ ಪ್ರಶ್ನೆ: ಸಕ್ಕರೆಯನ್ನು ಬೇಗ ಇಳಿಸಿದರೆ?

ಇಳಿಸಿ, ಅವಸರ ಬೇಡ. ಇಂಗ್ಲೆಂಡಿನ ಟೈಪ್ 2 ರೋಗಿಗಳಲ್ಲಿ ಎಚ್‌ಬಿಎ1ಸಿ 6.5ರಿಂದ 7ರ ಒಳಗಿದ್ದವರಿಗೆ ಹೋಲಿಸಿದರೆ, ನಿಮ್ಮ ತಾಯಿಯಂತೆ ಏಳೂವರೆಯಿಂದ ಒಂಬತ್ತರ ಒಳಗಿದ್ದವರಿಗೆ ಕೋವಿಡ್ ಸಾವಿನ ಅಪಾಯ ಶೇ 22ರಷ್ಟು ಹೆಚ್ಚಿತ್ತು. 10 ದಾಟಿದವರಿಗೆ ಶೇ 61ರಷ್ಟು. 6.5ಕ್ಕಿಂತ ಕೆಳಗಿದ್ದವರಿಗೂ ಶೇ 11ರಷ್ಟು ಹೆಚ್ಚು. ತೀರಾ ಕೆಳಗಿಳಿದ ಸಕ್ಕರೆಯ ಹಿಂದೆ ಹಲವು ಸಲ ಸೊರಗಿದ ದೇಹ, ಹೆಚ್ಚಾದ ಔಷಧ ಇರುತ್ತದೆ. ಹಾಗಾಗಿ ಆರಕ್ಕೆ ತರಬೇಕೆಂಬ ಹಟ ಬೇಡ. ಮೂರು ನಾಲ್ಕು ತಿಂಗಳಲ್ಲಿ ಏಳು, ಏಳೂವರೆಗೆ ಬಂದರೆ ಈ ವಯಸ್ಸಿಗೆ ನನಗೆ ಸಮಾಧಾನ. ಬಹಳ ದಿನ ಏರಿದ್ದ ಸಕ್ಕರೆಯನ್ನು ಒಮ್ಮೆಲೇ ಇಳಿಸಿದರೆ ಕಣ್ಣಿನ ಅಕ್ಷಿಪಟಲದ ತೊಂದರೆ ಕೆಲವರಲ್ಲಿ ಕೆರಳುತ್ತದೆ. ಔಷಧ ಬದಲಿಸುವ ಮುನ್ನ ಕಣ್ಣಿನ ಪರೀಕ್ಷೆ ಆಗಲಿ.

ಆಸ್ಪತ್ರೆಯೊಳಗೂ ಅವಸರ ಕೆಲಸಕ್ಕೆ ಬಾರದು ಎಂದು ನಾವು ಕಷ್ಟಪಟ್ಟು ಕಲಿತಿದ್ದೇವೆ. ತೀವ್ರ ನಿಗಾ ಘಟಕದ 6,104 ರೋಗಿಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಕ್ಕರೆಯನ್ನು ಬಿಗಿಯಾಗಿ 81ರಿಂದ 108ರೊಳಗೆ ಇಡಲು ಹೊರಟ ಗುಂಪಿನಲ್ಲಿ 90 ದಿನಗಳಲ್ಲಿ ಶೇ 27.5 ಮಂದಿ ಸತ್ತರು; 180ರ ಒಳಗಿದ್ದರೆ ಸಾಕು ಎಂದು ಬಿಟ್ಟ ಗುಂಪಿನಲ್ಲಿ ಶೇ 24.9. ಅಂದಿನಿಂದ ತೀವ್ರ ನಿಗಾದಲ್ಲಿ 140ರಿಂದ 180ರ ನಡುವೆ ಇಡುವುದು ರೂಢಿ. ಅಮ್ಮನನ್ನು ದಾಖಲಿಸಿದಾಗ ಸಕ್ಕರೆ 165 ಎಂದು ನೀವು ನರ್ಸ್ ಮೇಲೆ ರೇಗಬೇಕಿಲ್ಲ.

ದಾಖಲಾದ ಮೇಲೆ ಸಕ್ಕರೆ ಹೇಗಿರುತ್ತದೆ ಎಂಬುದು ಮುಖ್ಯ ಎನ್ನಲು ಚೀನಾದ ಹುಬೇ ಪ್ರಾಂತ್ಯದ ಇನ್ನೊಂದು ಲೆಕ್ಕವನ್ನು ಎಲ್ಲರೂ ಹೇಳುತ್ತಾರೆ. ಆಸ್ಪತ್ರೆಯಲ್ಲಿದ್ದಷ್ಟು ದಿನ 70ರಿಂದ 180ರೊಳಗೆ ಇದ್ದವರಲ್ಲಿ ಶೇ 1.1 ಮಂದಿ ಸತ್ತರೆ, ಅದಕ್ಕಿಂತ ಮೇಲೆ ಹೋದವರಲ್ಲಿ ಶೇ 11. ಕೇಳಲು ಅದ್ಭುತ. ಆದರೆ ರೋಗ ತೀವ್ರವಾದಷ್ಟೂ ಸಕ್ಕರೆ ತಾನಾಗಿಯೇ ಏರುತ್ತದೆ ಎಂಬುದನ್ನು ಮರೆಯಬಾರದು. ಏರಿದ ಸಕ್ಕರೆ ಸ್ವಲ್ಪ ಮಟ್ಟಿಗೆ ಕಾರಣ, ಸ್ವಲ್ಪ ಮಟ್ಟಿಗೆ ಲಕ್ಷಣ. ಫ್ರಾನ್ಸಿನಲ್ಲಿ ಸಕ್ಕರೆ ಕಾಯಿಲೆಯಿದ್ದು ಕೋವಿಡ್‌ನಿಂದ ದಾಖಲಾದ 1,317 ಜನರನ್ನು ನೋಡಿದಾಗ, ಮೊದಲ ವಾರದ ಆಗುಹೋಗಿಗೂ ಹಳೆಯ ಎಚ್‌ಬಿಎ1ಸಿಗೂ ಸಂಬಂಧವೇ ಕಾಣಲಿಲ್ಲ; ಸ್ಥೂಲಕಾಯಕ್ಕೆ ಕಂಡಿತು. ನಾನು ಅರ್ಥ ಮಾಡಿಕೊಂಡಿರುವುದು ಹೀಗೆ: ತಿಂಗಳುಗಟ್ಟಲೆ ಹತೋಟಿಯಲ್ಲಿಟ್ಟ ಸಕ್ಕರೆ ನಿಮ್ಮನ್ನು ಆಸ್ಪತ್ರೆಯ ಬಾಗಿಲಿನಿಂದ ದೂರ ಇಡುತ್ತದೆ. ಒಳಗೆ ಹೋದ ಮೇಲೆ ಹಳೆಯ ಅಂಕಪಟ್ಟಿಯನ್ನು ಯಾರೂ ನೋಡುವುದಿಲ್ಲ, ಅಂದಿನ ಸಕ್ಕರೆ, ಅಂದಿನ ಮೂತ್ರಪಿಂಡ, ಅಂದಿನ ಉಸಿರು ಇವೇ ಮಾತನಾಡುತ್ತವೆ.

ಲಸಿಕೆಗಳ ಬಗ್ಗೆ ಯಾರೂ ಕೇಳುವುದಿಲ್ಲ, ನೀವೂ ಕೇಳಿಲ್ಲ. ಫ್ಲೂ ಲಸಿಕೆ ವರ್ಷಕ್ಕೊಂದು ಸಲ ಬೇಕು. ನಮ್ಮ ಕಡೆ ಮಳೆಗಾಲಕ್ಕೆ ಮುನ್ನ ಹಾಕಿಸುವುದು ಒಳ್ಳೆಯದು, ತಪ್ಪಿದ್ದರೆ ಈಗ ಹಾಕಿಸಿದರೂ ನಷ್ಟವಿಲ್ಲ. ನ್ಯೂಮೋಕಾಕಸ್ ಲಸಿಕೆಯೂ ಬೇಕು, ಏಕೆಂದರೆ ಫ್ಲೂ ಬಂದು ಹೋದ ಹಿಂದೆಯೇ ಬ್ಯಾಕ್ಟೀರಿಯಾದ ನ್ಯುಮೋನಿಯಾ ಬಂದು ಕೆಡವುವುದುಂಟು. ಬಿಟ್ಟ ಜ್ವರ ಹಳದಿ ಕಫದೊಂದಿಗೆ ಮತ್ತೆ ಬಂದರೆ ಅದರ ಗುರುತು. ಲಸಿಕೆ ಹಾಕಿಸಿದರೆ ಸಕ್ಕರೆ ಒಂದೆರಡು ದಿನ ಸ್ವಲ್ಪ ಏರಬಹುದು, ಅಷ್ಟೇ. ಜಿಲ್ಲೆಯ ದೊಡ್ಡ ಔಷಧ ಅಂಗಡಿಗಳಲ್ಲಿ ಎರಡೂ ಸಿಗುತ್ತವೆ. ಸರ್ಕಾರ ಉಚಿತವಾಗಿ ಕೊಡುವ ದೊಡ್ಡವರ ಲಸಿಕೆಗಳ ಪಟ್ಟಿಗೆ ಇವು ಸೇರಲಿ ಎಂಬುದು ನನ್ನ ಹಳೆಯ ಗೊಣಗಾಟ.

ಮನೆಯಿಂದ ಹೊರಬರದ ಅಮ್ಮನ ಬಗ್ಗೆ ನನಗೆ ಇನ್ನೊಂದು ಚಿಂತೆ. ಒಂದು ತಿಂಗಳಿಂದ ನಡಿಗೆ ನಿಂತಿದೆ, ಚಿಂತೆ ಹೆಚ್ಚಿದೆ. ಎರಡೂ ಸಕ್ಕರೆ ಏರಿಸುತ್ತವೆ. ವೈರಸ್ಸಿಗೆ ಹೆದರಿ ಕುಳಿತವರ ಎಚ್‌ಬಿಎ1ಸಿ 8.6ರಿಂದ 9.3ಕ್ಕೆ ಹೋದರೆ ಹೆದರಿಕೆಯೇ ಹೆದರಿದ್ದನ್ನು ಕರೆತಂದಂತೆ. ನಾಳೆ ಬೆಳಗ್ಗೆಯಿಂದಲೇ ಅರ್ಧ ಗಂಟೆ ನಡೆಸಿ, ನೀವೂ ಜೊತೆಗೆ ಹೋಗಿ.

ಮದುವೆಗೆ ಖಂಡಿತ ಕರೆದುಕೊಂಡು ಹೋಗಿ. ಫ್ಲೂ ಲಸಿಕೆಯನ್ನು ಈ ವಾರವೇ ಹಾಕಿಸಿ. ರಕ್ಷಣೆ ಕೂಡಿಬರಲು ಎರಡು ವಾರ ಬೇಕು, ನಿಮಗೆ ಸಮಯವಿದೆ. ಗ್ಲೂಕೋಮೀಟರ್, ಅದರ ಸ್ಟ್ರಿಪ್ ಪಟ್ಟಿಗಳು, ವೈದ್ಯರು ಬರೆದುಕೊಟ್ಟ ಆ ಚೀಟಿಯ ಒಂದು ಫೋಟೋ ಕೈಚೀಲದಲ್ಲಿರಲಿ. ಛತ್ರದಲ್ಲಿ ಎ.ಸಿ. ಹಾಕಿ ಮುಚ್ಚಿದ ಕೋಣೆಗಿಂತ ಬಾಗಿಲ ಬಳಿಯ ಕುರ್ಚಿ ಲೇಸು. ಕೆಮ್ಮುತ್ತಾ ಬಂದು ಅಪ್ಪಿಕೊಳ್ಳುವ ನೆಂಟರು ಪ್ರತಿ ಮದುವೆಯಲ್ಲೂ ಇರುತ್ತಾರೆ, ಅವರಿಗೆ ದೂರದಿಂದಲೇ ಕೈ ಮುಗಿಯಲು ಅಮ್ಮನಿಗೆ ಹೇಳಿಕೊಡಿ. ಸಂಜೆ ಹೊತ್ತು ಸೊಳ್ಳೆ ನಿವಾರಕ ಹಚ್ಚಿದರೆ ಸೊಳ್ಳೆಕಾಟ ತಪ್ಪುತ್ತದೆ, ಹಗಲಿಗೂ ಹಚ್ಚಿ. ಡೆಂಗಿ ಹರಡುವ ಸೊಳ್ಳೆ ಕಚ್ಚುವುದು ಹೆಚ್ಚಾಗಿ ಹಗಲಿನಲ್ಲೇ. ಎಲೆಗೆ ಹೋಳಿಗೆ ಬಡಿಸಲು ಬಂದವರನ್ನು ವಾಪಸ್ ಕಳಿಸಬೇಡಿ. ಅರ್ಧ ತಿನ್ನಲಿ, ಅನ್ನ ಅಷ್ಟು ಕಡಿಮೆ ಮಾಡಲಿ. ಊಟವಾಗಿ ಎರಡು ಗಂಟೆಗೆ ಬೆರಳು ಚುಚ್ಚಿ ನೋಡಿ, 200ರ ಒಳಗಿದ್ದರೆ ಬಸ್ಸಿನಲ್ಲಿ ನೆಮ್ಮದಿಯಾಗಿ ನಿದ್ದೆ ಮಾಡಲಿ.